ಅತ್ತೆಯ ಸಿಂಕಿಗೆ ಬಂದ ಕಪ್ಪು ನೀರು

ನೀರು ಎಂಥದ್ದೇ ಇರಲಿ, ಕೆಳಗೇ ಹೋಗುತ್ತದೆ. ಮೇಲೇರುವ ಹಂಬಲವೆಲ್ಲ ನಮ್ಮ ಆಫೀಸಿನವರಿಗೆ ಮಾತ್ರ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆಯ ಬಲದ ಮೇಲೇ, ಮಂಡಿ ಆಪರೇಷನ್ ಮಾಡಿಸಿಕೊಂಡು ಬರಲಿದ್ದ ಅತ್ತೆಯ ಕೋಣೆಗೆ ನಾನೇ ಸಿಂಕ್ ಕೂರಿಸುತ್ತೇನೆಂದು ಘೋಷಿಸಿಬಿಟ್ಟೆ!

ಪ್ಲಂಬರನ್ನು ಕರೆಯಿರಿ ಎಂದಳು ಹೆಂಡತಿ. ಎರಡು ಪೈಪು ಸೇರಿಸಲು ಪ್ಲಂಬರೇ? ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ! ಹೋಗಲಿ, ಮೇಲಿನ ಮನೆಯಲ್ಲೇ ಇರುವ ನಮ್ಮ ಓನರನ್ನಾದರೂ ಕೇಳಿ ಎಂದಳು. ಕೇಳದೆ ಒಂದು ಮೊಳೆ ಹೊಡೆದರೂ ಮನೆ ಖಾಲಿ ಮಾಡಿಸುವುದು ಓನರ್ ಸಂವಿಧಾನ. ಅವರು ಊರಲ್ಲಿರಲಿಲ್ಲ, ನಾನು ಕೇಳಲಿಲ್ಲ. ರಜೆ ಹಾಕಿ, ಅವರ ಬಚ್ಚಲಿನಿಂದ ಗೋಡೆಗುಂಟ ಇಳಿಯುವ ಪೈಪನ್ನು ಕೊಯ್ದು, ಅತ್ತೆಯ ಸಿಂಕನ್ನು ಅದಕ್ಕೆ ಸೇರಿಸಿದೆ. ಒಂದು ಲೋಟ ನೀರು ಸುರಿದೆ. ಇಳಿಯಿತು. ಭಗೀರಥನೂ ಇಷ್ಟು ಬೀಗಿರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಹಲ್ಲುಜ್ಜುತ್ತಿದ್ದರು. ನಲ್ಲಿ ತಿರುಗಿಸುವ ಮೊದಲೇ ಸಿಂಕು ಗುಳುಗುಳು ಎಂದಿತು. ಮೊದಲು ನೊರೆ ಬಂತು, ಆಮೇಲೆ ಶಾಯಿಯಂಥ ಕಪ್ಪು ನೀರು.

"ಅಳಿಯಂದ್ರೇ, ಇದು ಉಕ್ತಾ ಇದೆ," ಎಂದರು, ಬ್ರಷ್ಷು ಬಾಯಲ್ಲಿಟ್ಟುಕೊಂಡೇ.

ಆಗ ನೆನಪಾಯಿತು. ಕೊಯ್ಯುವಾಗ ಮೇಲಿನ ನೀರು ಮುಖಕ್ಕೆ ಬೀಳದಿರಲೆಂದು ಪೈಪಿಗೆ ತುರುಕಿದ್ದ ಹಳೇ ಬನಿಯನ್ ತೆಗೆದೇ ಇರಲಿಲ್ಲ! ಅದು ಕೆಳಗೆ ಜಾರಿ ದಾರಿ ಕಟ್ಟಿತ್ತು. ಊರಿಂದ ಬಂದ ಓನರ್ ಮೇಲೆ ಸ್ನಾನಕ್ಕೆ ನಿಂತಿದ್ದರು.

ನಾನು ಬಕೆಟ್ಟಿಗೆ ಓಡುವಷ್ಟರಲ್ಲಿ ಅತ್ತೆ ಕಿಟಕಿಯಿಂದ ಅವರನ್ನು ಕೂಗಿ ಆಗಿತ್ತು. ಓನರ್ ತಲೆಗೆ ಟವೆಲ್ ಸುತ್ತಿಕೊಂಡು ಇಳಿದು ಬಂದರು. ತಮ್ಮ ಮನೆಯಲ್ಲಿ ಎಂದೂ ಇಲ್ಲದ ಸಿಂಕನ್ನು ನೋಡಿದರು. ಅದರಲ್ಲಿದ್ದ ಕಪ್ಪನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದು ಮೇಲಿಂದ ಬಂದಿದ್ದಲ್ಲ ಸರ್," ಎಂದೆ.

ಅರವತ್ತೆರಡಾದರೂ ಒಂದು ಬಿಳಿ ಕೂದಲಿಲ್ಲ, ಎಲ್ಲ ವಂಶದ ಗುಣ ಎಂದು ಬೀದಿಗೆಲ್ಲ ಸಾರಿದ್ದ ಮನುಷ್ಯ ಅವರು. ಬಣ್ಣ ತಮ್ಮದಲ್ಲ ಎಂದರೆ ನೀರೂ ಅವರದಲ್ಲ. ನೀರು ಅವರದಲ್ಲದಿದ್ದರೆ ಪೈಪನ್ನು ಯಾರೂ ಕೊಯ್ದೇ ಇಲ್ಲ! ನಮ್ಮ ತಲೆಯ ಮೇಲಿನ ಸೂರು ಈಗ ಅವರ ಜಂಬದ ಮೇಲೆ ನಿಂತಿತ್ತು. ಅದು ಗಟ್ಟಿಯಾಗಿರಲಪ್ಪಾ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಓನರ್ ತಲೆಯ ಟವೆಲನ್ನು ಇನ್ನಷ್ಟು ಬಿಗಿದುಕೊಂಡರು. ನಿರಾಕರಿಸುವ ಹಾಗೇ ಕಂಡರು.

ಅಷ್ಟರಲ್ಲಿ ಅತ್ತೆ ಬ್ರಷ್ಷು ಕೆಳಗಿಟ್ಟು, ಟವೆಲಿನ ಅಂಚಿನಿಂದ ಅವರ ಕಿವಿಯ ಮೇಲೆ ಇಳಿಯುತ್ತಿದ್ದ ಕಪ್ಪು ಗೆರೆಯನ್ನೇ ದಿಟ್ಟಿಸಿದರು.

"ಯಜಮಾನ್ರೇ, ನೀವು ತಲೆಗೆ ಬಣ್ಣ ಹಚ್ತೀರಾ?"

ಹೆಂಡತಿ ಸೂರು ನೋಡತೊಡಗಿದಳು.

"ಹಚ್ತೀನಮ್ಮ," ಎಂದರು ಓನರ್. "ಬಣ್ಣಾನೂ ನಂದೇ, ಪೈಪೂ ನಂದೇ, ಮನೇನೂ ನಂದೇ."