ಅತ್ತೆಯನ್ನು ನಿರ್ಗತಿಕಳನ್ನಾಗಿ ಮಾಡಲು ಹೋಗಿ

ಸರ್ಕಾರದ ಆದೇಶ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಇಡೀ ಮಾನ್ವಿಯಲ್ಲಿ ನನ್ನೊಬ್ಬನಿಗೇ ಇದೆ ಎಂದು ನಾನು ಬಹಳ ದಿನ ನಂಬಿದ್ದೆ. ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುತ್ತಿದ್ದೆ. ಸಂಧಿ ಬಿಡಿಸಬಲ್ಲವನು ಸರ್ಕಾರಿ ವಾಕ್ಯ ಬಿಡಿಸಲಾರನೇ!

ಎಪ್ಪತ್ತರ ದಶಕದ ಕೊನೆಯ ಮಾತು. ವೃದ್ಧಾಪ್ಯ ವೇತನ ಪಡೆಯುವವರಿಗೆ ಆ ವರ್ಷ ಒಂದೇ ಒಂದು ಸಲ ವಿಶೇಷ ಸಹಾಯಧನ ಕೊಡುತ್ತಾರೆಂದು ಸುದ್ದಿ ಬಂತು. ಆದರೆ ಎಲ್ಲರಿಗೂ ಅಲ್ಲ, ‘ಆಸರೆ ಇಲ್ಲದವರಿಗೆ ಮಾತ್ರ’. ಅದನ್ನು ಪರೀಕ್ಷಿಸಲು ತಹಸೀಲ ಕಚೇರಿಯ ಕಂದಾಯ ನಿರೀಕ್ಷಕರು, ಅಂದರೆ ನಮ್ಮ ಬಾಯಲ್ಲಿ ಗಿರದಾವರ ಸಾಹೇಬರು, ಖುದ್ದಾಗಿ ಮನೆಮನೆಗೆ ಬರುವವರಿದ್ದರು.

ನಮ್ಮ ಮನೆಯಲ್ಲಿ ಆ ವೇತನ ಪಡೆಯುತ್ತಿದ್ದವರು ನನ್ನ ಅಪ್ಪನ ಅಕ್ಕ, ತುಂಗತ್ತೆ. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಚೀಕಲಪರ್ವಿ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಪಕ್ಕದ ಒಂದು ಕೋಣೆಯ ಮನೆಯಲ್ಲಿದ್ದ ಮಾಬುಬಿಗೂ ಅದೇ ವೇತನ. ಆಕೆಗೆ ಇದ್ದವಳು ಒಬ್ಬಳೇ ಮಗಳು. ಅವಳು ದೇವದುರ್ಗದಲ್ಲಿ ಗಂಡನ ಮನೆಯಲ್ಲಿ ಚೊಚ್ಚಲ ಬಾಣಂತಿ.

“ಮೊಮ್ಮಗನ್ನ ನೋಡಾಕ ಬರಿಗೈಲೆ ಹ್ಯಾಂಗ ಹೋಗ್ಲಿ ಮಾಸ್ತರ?” ಎಂದು ಮಾಬುಬಿ ದಿನಾ ಕೇಳುತ್ತಿದ್ದರು. “ಈ ರೊಕ್ಕ ಬಂದ್ರ ಕೂಸಿಗೆ ಬೆಳ್ಳಿ ಕಡಗ ಒಯ್ತೀನಿ. ನಂಗ ಕೊಡ್ತಾರ ಹೌದಲ್ಲೋ?”

“ನಿಮಗ ಕೊಡದ ಯಾರಿಗೆ ಕೊಡ್ತಾರ? ಚಿಂತಿ ಬಿಡ್ರಿ” ಎಂದು ನಾನು ಸರ್ಕಾರದ ಪರವಾಗಿ ಭರವಸೆ ಕೊಟ್ಟಿದ್ದೆ.

ನನ್ನ ಚಿಂತೆಯೆಲ್ಲ ತುಂಗತ್ತೆಯದು. ನಮ್ಮ ಮನೆಯಲ್ಲಿ ಎರಡು ಬೆತ್ತದ ಕುರ್ಚಿ, ರಾಯಚೂರಿನಿಂದ ತಂದ ಟೇಬಲ್ ಫ್ಯಾನು, ಒಂದು ಸೈಕಲ್ಲು ಮತ್ತು ಮಾವ ಕೊಟ್ಟ ಟ್ರಾನ್ಸಿಸ್ಟರ್ ರೇಡಿಯೋ ಇದ್ದವು. ಇಷ್ಟೊಂದು ಐಶ್ವರ್ಯದ ನಡುವೆ ಕುಳಿತ ಮುದುಕಿಯನ್ನು ಯಾವ ಗಿರದಾವರ ತಾನೇ ನಿರ್ಗತಿಕಳು ಎಂದಾನು? ಬಹಳ ಯೋಚಿಸಿ ಒಂದು ಉಪಾಯ ಹೂಡಿದೆ. ಸಾಮಾನನ್ನೆಲ್ಲ ಒಂದು ದಿನದ ಮಟ್ಟಿಗೆ ಮಾಬುಬಿಯ ಕೋಣೆಗೆ ಸಾಗಿಸುವುದು!

ಹೆಂಡತಿ ಇಂದಿರಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಏನು ಮಾಡ್ಲಿಕ್ಕತ್ತೀರಿ? ಮನಿ ಖಾಲಿ ಮಾಡ್ತೀರೇನು?”

“ನಿನಗ ತಿಳಿಯೂದಿಲ್ಲ. ಇದು ಅರ್ಹತೆಯ ಪ್ರಶ್ನೆ.”

“ನಂಗ ತಿಳಿಯೂದಿಲ್ಲ ಖರೆ. ನಿಮಗರೆ ತಿಳೀತದೇನು?”

ಅಷ್ಟರಲ್ಲಿ ನನ್ನ ತಲೆಯ ಮೇಲೆ ಕುರ್ಚಿ ಇತ್ತು.

ಮಾಬುಬಿ ಪ್ರಶ್ನೆಯನ್ನೇ ಕೇಳದೆ ಜಾಗ ಮಾಡಿಕೊಟ್ಟರು. “ಯಾರಿಗೂ ಹೇಳಬ್ಯಾಡ್ರಿ, ಮಾತು ಕೊಡ್ರಿ” ಎಂದೆ. “ಅಲ್ಲಾನಾಣಿ ಹೇಳಂಗಿಲ್ಲಪ್ಪ” ಎಂದರು.

ಅತ್ತೆಗೂ ಪಾಠ ಮಾಡಿದೆ. ಹರಕು ಚಾಪೆಯ ಮೇಲೆ ಕೂಡಬೇಕು, ನಡುನಡುವೆ ನರಳಬೇಕು, ನನಗೆ ಯಾರೂ ಇಲ್ಲ ಎನ್ನಬೇಕು. ಅತ್ತೆ ಸುಮ್ಮನೆ ಕೇಳಿಸಿಕೊಂಡರು. ಒಪ್ಪಿದರೆಂದು ನಾನು ತಿಳಿದೆ. ಅದೇ ನನ್ನ ಮೊದಲ ತಪ್ಪು. ಅಲ್ಲ, ಆ ಹೊತ್ತಿಗಾಗಲೇ ಎಷ್ಟನೆಯದೋ!

ಮರುದಿನ ಗಿರದಾವರರು ಬಂದರು. ಬಿಸಿಲಿಗೆ ಬೆವತು ಹೋಗಿದ್ದರು. ಕೂಡಿಸಲು ಕುರ್ಚಿ ಇಲ್ಲ, ಗಾಳಿಗೆ ಫ್ಯಾನಿಲ್ಲ. ಹೊಸ್ತಿಲಲ್ಲಿ ನಿಂತೇ ಕೇಳಿದರು. “ಏನವ್ವಾ, ಊಟ ಆತೇನು?”

“ಇಲ್ಲಪಾ” ಎಂದರು ಅತ್ತೆ ಕ್ಷೀಣ ದನಿಯಲ್ಲಿ. ನಾನು ಮನಸ್ಸಿನಲ್ಲೇ ಭಲೇ ಎಂದೆ.

“ಇವತ್ತು ಏಕಾದಶಿ. ನಿನ್ನೆ ಮಾತ್ರ ತುಪ್ಪ ಹಾಕ್ಕೊಂಡು ಹೊಟ್ಟಿ ತುಂಬ ಉಂಡೀನಿ.”

“ಯಾರು ನೋಡ್ಕೋತಾರ ನಿಮ್ಮನ್ನ?”

“ಇವನೇ, ನಮ್ಮ ಸೀನ. ಹೆತ್ತ ಮಗನೂ ಹಿಂಗ ನೋಡಲಿಕ್ಕಿಲ್ಲ. ಯಾರೂ ಇಲ್ಲ ಅನ್ನು ಅಂದಾನ. ಏಕಾದಶಿ ದಿನ ಸುಳ್ಳು ಹ್ಯಾಂಗ ಹೇಳ್ಲೆಪಾ?”

ಗಿರದಾವರರು ನನ್ನ ಕಡೆ ನೋಡಿದರು. ನಾನು ತೊಲೆ ಜಂತಿಗಳ ಕಡೆ ನೋಡಿದೆ. ಅವರು ಏನೋ ಬರೆದುಕೊಂಡು ಪಕ್ಕದ ಮನೆಗೆ ನಡೆದರು.

ಗಿರದಾವರ ಮಾಬುಬಿಯ ಮನೆಗೂ ಹೋಗುತ್ತಾನೆ ಎಂಬ ಸಾದಾ ಸಂಗತಿ ಈ ವ್ಯಾಕರಣ ಪಂಡಿತನ ತಲೆಗೆ ಹೊಳೆದೇ ಇರಲಿಲ್ಲ!

ನಡುವಿನ ಗಿಡ್ಡ ಗೋಡೆಯ ಮೇಲಿಂದ ಇಣುಕಿದೆ. ಬಾಗಿಲಲ್ಲೇ ಸೈಕಲ್ಲು. ಒಳಗೆ ಬೆತ್ತದ ಕುರ್ಚಿಗಳು, ಗೋಡೆಯ ಗೂಡಿನಲ್ಲಿ ಫ್ಯಾನು. ರೇಡಿಯೋ ಹಾಡುತ್ತಿತ್ತು. ಹೊತ್ತು ಹೋಗಲೆಂದು ಕೇಳಿರಿ ಎಂದು ನಾನೇ ಹಚ್ಚಿ ಕೊಟ್ಟಿದ್ದೆ.

“ಭಾರೀ ಅದಲ್ಲವ್ವಾ ಸಂಸಾರ!” ಗಿರದಾವರರ ದನಿ ಏರಿತು. “ಮನಿಗೆ ಕರೆಂಟ್ ಬರೂಕಿಂತ ಮೊದಲೇ ಫ್ಯಾನು ಬಂದು ಕುಂತೈತಿ! ಯಾರವು ಇವೆಲ್ಲ?”

“ನನ್ನವಲ್ರೀ ಸಾಬ್. ಒಬ್ಬರು ಇಟ್ಟಾರ.”

“ಯಾರು?”

“ಮಾತು ಕೊಟ್ಟೀನ್ರೀ. ಹೇಳಂಗಿಲ್ಲ.”

ಆಗ ನಾನು ಗೋಡೆ ಹಾರಿ “ನನ್ನವು ಸಾಹೇಬ್ರೇ” ಎನ್ನಬಹುದಿತ್ತು. ಗೋಡೆ ನನ್ನ ಎದೆಯಷ್ಟೂ ಎತ್ತರ ಇರಲಿಲ್ಲ. ನಾನೋ ಕೆಳಗೆ ಕುಕ್ಕರಿಸಿ ತುಳಸಿ ಬಿಡಿಸತೊಡಗಿದೆ. ಏಕಾದಶಿಯಂದು ತುಳಸಿ ಬಿಡಿಸಬಾರದೆಂಬುದೂ ಮರೆತುಹೋಗಿತ್ತು!

“ನಿಮಗ ಈ ರೊಕ್ಕ ಬರಂಗಿಲ್ಲ” ಎಂದು ಹೇಳಿ ಗಿರದಾವರರು ಹೋದರು.

ಸ್ವಲ್ಪ ಹೊತ್ತಿಗೆ ಮಾಬುಬಿ ರೇಡಿಯೋವನ್ನು ಸೆರಗಿನಿಂದ ಒರೆಸುತ್ತ ನಮ್ಮ ಬಾಗಿಲಿಗೆ ಬಂದರು. “ತಗೋ ಮಾಸ್ತರ. ಹುಷಾರಾಗಿ ಇಟ್ಟಿದ್ದೆ. ನಿನ್ನ ಹೆಸರು ಹೇಳಿಲ್ಲ.” ಕಡಗದ ಮಾತು ಎತ್ತಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ರೇಡಿಯೋ ಕೈಗೆ ಬಂತು, ನನ್ನ ಕಣ್ಣು ಮಾತ್ರ ಅವರ ಮುಖದ ತನಕ ಏರಲಿಲ್ಲ.

ಇಂದಿರಾ ಒಂದೇ ಮಾತು ಹೇಳಿದಳು. “ನಾಳೆ ಕಚೇರಿಗೆ ಹೋಗಿ ಖರೇ ಹೇಳಿ ಬರ್ರಿ. ಅಲ್ಲೀತನಕ ಆ ಕುರ್ಚಿ ಮ್ಯಾಲೆ ಕೂಡಬ್ಯಾಡ್ರಿ.”

ಕಚೇರಿಯಲ್ಲಿ ಜನವೋ ಜನ. ಅವರಲ್ಲಿ ಅರ್ಧದಷ್ಟು ನನ್ನ ವಿದ್ಯಾರ್ಥಿಗಳ ತಂದೆಯರು. ಗಿರದಾವರರ ಕಿವಿಯಲ್ಲಿ ಹೇಳೋಣವೆಂದು ಬಗ್ಗಿದೆ. “ಜೋರಾಗಿ ಹೇಳ್ರಿ ಮಾಸ್ತರ, ನನಗ ಆ ಕಿವಿ ಮಂದ” ಎಂದರು. ಜೋರಾಗಿ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು.

“ಸಾಮಾನು ನಿಮ್ಮವು ಅನ್ನಾಕ ಏನು ಗುರುತು? ರೇಡಿಯೋ ಲೈಸೆನ್ಸ್ ತೋರಸ್ರಿ.”

ಆ ಕಾಲಕ್ಕೆ ರೇಡಿಯೋಕ್ಕೂ ಲೈಸೆನ್ಸ್ ಇತ್ತು, ವರ್ಷವರ್ಷ ಪೋಸ್ಟಿನಲ್ಲಿ ಹಣ ಕಟ್ಟಬೇಕಿತ್ತು. ನಾನು ಮದುವೆಯ ವರ್ಷ ಕಟ್ಟಿದ್ದೆ. ಆಮೇಲೆ ಸಂಸಾರದಲ್ಲಿ ಮುಳುಗಿದ್ದೆ.

“ಅದು... ಮುಗಿದದ.”

“ಅಂದ್ರ ಒಂದು ತಪ್ಪು ಒಪ್ಪಿಕೊಳ್ಳಾಕ ಬಂದೀರೋ, ಎರಡೋ?”

ಹಿಂದಿನಿಂದ ಯಾರೋ ಕಿಸಕ್ಕೆಂದರು. ನೆಲ ಬಾಯಿಬಿಟ್ಟಿದ್ದರೆ ಧುಮುಕುತ್ತಿದ್ದೆ. ತಹಸೀಲ ಕಚೇರಿಯ ಹಾಸುಗಲ್ಲು ಬಾಯಿ ಬಿಡುವ ಜಾತಿಯದಲ್ಲ.

ಮನೆಗೆ ಓಡಿ ತಂದುಕೊಟ್ಟ ಹಳೆಯ ಲೈಸೆನ್ಸಿನಲ್ಲಿದ್ದ ನನ್ನ ಹೆಸರು ನೋಡಿ ಅವರು ಮಾಬುಬಿಯ ವಿಷಯ ಸರಿಪಡಿಸಿದರು. “ನಮ್ಮ ಅತ್ತೆಯವರದು ಹೋತು ಅನ್ರಿ” ಎಂದೆ ಕೈ ಮುಗಿದು.

“ಯಾಕ ಹೋಗತೈತಿ? ನಿನ್ನೇನೇ ಪಾಸು ಮಾಡೀನಿ. ದುಡಿಯೋ ಮಗ ಇರಬಾರದು, ಸ್ವಂತ ಹೆಸರಿಲೆ ಆಸ್ತಿಪಾಸ್ತಿ ಇರಬಾರದು, ಅಷ್ಟ. ತಮ್ಮನ ಮಗನ ಮನ್ಯಾಗ ಆನಿ ಕಟ್ಟಿದ್ರೂ ನಾವು ಕೇಳಂಗಿಲ್ಲ. ಅಲ್ರೀ, ಸಾಮಾನು ಹೊರೂಕಿಂತ ಮೊದಲು ಒಂದು ಮಾತು ಬಂದು ಕೇಳಬಾರದೇನ್ರೀ?”

ಕೇಳಬಹುದಿತ್ತು. ಆದರೆ ನಾನು ವಾಕ್ಯ ಬಿಡಿಸಬಲ್ಲವನಲ್ಲವೇ!

ಹಣ ಬಂದ ವಾರ ಮಾಬುಬಿ ಕಡಗ ಕೊಂಡು ದೇವದುರ್ಗದ ಬಸ್ಸು ಹತ್ತಿದರು. ಅವರ ಗಂಟನ್ನು ನಿಲ್ದಾಣದ ತನಕ ನಾನೇ ಹೊತ್ತೆ. ಬೇಡವೆಂದರೂ ಬಿಡಲಿಲ್ಲ. ಕಿಟಕಿಯಿಂದ ಅವರು “ಮಾಸ್ತರ ಭಾಳ ಒಳ್ಳೇವ್ರು” ಎಂದು ಪಕ್ಕದವಳಿಗೆ ಹೇಳುವುದು ಕೇಳಿಸಿತು. ನಾನು ಬೇಗಬೇಗ ಹೊರಟುಬಂದೆ.

ಮನೆಗೆ ಬಂದರೆ ಪೋಸ್ಟಿನವನ ನೋಟೀಸು. ರೇಡಿಯೋದ ಹಳೆಯ ಬಾಕಿ, ಮೇಲೆ ದಂಡ! ತಿಂಗಳ ಕೊನೆ, ಜೇಬು ಬರಿದು. ಇಂದಿರಾ ಕಣ್ಣಿನಲ್ಲೇ ಅತ್ತೆಯ ಕಡೆ ತೋರಿಸಿದಳು. ಬೇರೆ ದಾರಿ ಇರಲಿಲ್ಲ, ಬಾಯಿಬಿಟ್ಟು ಕೇಳಿದೆ.

ತುಂಗತ್ತೆ ಸೆರಗಿನ ಗಂಟು ಬಿಚ್ಚಿ, ಸರ್ಕಾರ ಕೊಟ್ಟದ್ದನ್ನು ಹಾಗೆಯೇ ನನ್ನ ಅಂಗೈಯಲ್ಲಿಟ್ಟರು. “ತಗೋ ಸೀನಾ. ಆಸರೆ ಇಲ್ಲದವರಿಗೇ ಅಂತ ಅಲ್ಲೇನು ಇದು?”

ಪೋಸ್ಟಾಫೀಸು ಮುಚ್ಚುವುದರೊಳಗೆ ಕಟ್ಟಬೇಕೆಂದು ಸೈಕಲ್ಲು ಹತ್ತಿದೆ.