ವಾಗ್ದಾನದ ತಟ್ಟೆಯೂ ಅತ್ತೆಯ ಕಣ್ಣೂ

ಮನುಷ್ಯ ತನ್ನ ಇಷ್ಟದಂತೆ ನಡೆಯುತ್ತಾನೋ, ದೇವರು ಮೊದಲೇ ಗೊತ್ತುಮಾಡಿದಂತೆ ನಡೆಯುತ್ತಾನೋ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡವರು ಉತ್ತರ ಹುಡುಕಿದ್ದಾರೆ. ನಾನು ಹುಡುಕಿದವನಲ್ಲ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದಾಗಲೆಲ್ಲ ಕಾಫಿಗೆ ಹಾಲಿದೆಯೇ ಎಂದು ನೋಡಲು ಅಡುಗೆಮನೆಗೆ ಹೋಗುತ್ತೇನೆ. ಅಲ್ಲಿ ನಿಂತು, ಬಲದವಡೆಯ ಹಲ್ಲು ಸರಿಯಿಲ್ಲದ್ದರಿಂದ ಎಡಗಡೆಯಿಂದಲೇ ನಿಧಾನವಾಗಿ ಕಾಫಿ ಕುಡಿದು, ಗಲಾಟೆ ಇಳಿದ ಮೇಲೆ ಹೊರಗೆ ಬರುತ್ತೇನೆ. ನನ್ನ ಹೆಂಡತಿ ಸುಶೀಲೆ ಅರಸೀಕೆರೆಯ ಹಳೆಯ ಕ್ರೈಸ್ತ ಸಭೆಯಲ್ಲಿ ಬೆಳೆದವಳು. ದೇವರು ತಲೆ ಕೊಟ್ಟಿರುವುದು ಯೋಚಿಸಲಿಕ್ಕೆ ಎನ್ನುವವಳು. ಅವಳ ತಮ್ಮ ಸ್ಯಾಮುಯೆಲ್ ಬಾಣಾವರದಲ್ಲಿ ಹೊಸದೊಂದು ಪ್ರಾರ್ಥನಾ ಕೂಟ ಸೇರಿದವನು. ಹೆಚ್ಚು ಯೋಚಿಸುವುದೇ ಅಪನಂಬಿಕೆ ಎನ್ನುವವನು. ಇಬ್ಬರನ್ನೂ ಹೆತ್ತ ತಾಯಿ, ನನ್ನ ಅತ್ತೆ ಎಸ್ತೇರಮ್ಮ, ನಮ್ಮ ಮನೆಯಲ್ಲೇ ಇದ್ದಾರೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಹಾಸನದಲ್ಲಿ ಆಪರೇಷನ್ ಎಂದು ನಿಶ್ಚಯವಾಗಿತ್ತು.

ನಮ್ಮ ಸಭೆಯಲ್ಲಿ ಒಂದು ರೂಢಿಯಿದೆ. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಬೈಬಲ್ ವಾಕ್ಯ ಬರೆದ ಸಣ್ಣ ಕಾರ್ಡುಗಳನ್ನು ತಟ್ಟೆಯಲ್ಲಿ ಬೋರಲು ಹಾಕಿರುತ್ತಾರೆ. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಳ್ಳಬೇಕು. ಬಂದದ್ದು ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ವಾಗ್ದಾನ. ತಟ್ಟೆ ಹಿಡಿಯುವ ಕೆಲಸ ನನ್ನದು. ಹಾಡಲಿಕ್ಕೆ ನನ್ನ ಕಂಠ ಸಾಲದೆಂದು ಹಿರಿಯರು ಇದನ್ನು ಕೊಟ್ಟಿದ್ದಾರೆ. ಸುಲಭವೆಂದು ತಿಳಿಯಬೇಡಿ. ಹಿಂದೊಮ್ಮೆ ಯಾರೋ ಫ್ಯಾನು ಹಾಕಿ ಅರ್ಧ ಸಭೆಯ ವಾಗ್ದಾನ ಬೆಂಚುಗಳ ಕೆಳಗೆ ಹೋಗಿತ್ತು. ಈ ವರ್ಷ ಎಲ್ಲರಿಗೂ ಹಿಡಿದು ಹಿಡಿದು, ನನ್ನ ಕಾರ್ಡು ಎತ್ತಿಕೊಳ್ಳುವುದೇ ಮರೆತುಹೋಯಿತು. ಮಿಕ್ಕವನ್ನು ತಟ್ಟೆಯ ಸಮೇತ ಮನೆಗೆ ತಂದಿಟ್ಟೆ.

ಅತ್ತೆಗೆ ಬಂದದ್ದು, ನಿಮ್ಮ ಪರವಾಗಿ ದೇವರು ಹೋರಾಡುತ್ತಾನೆ, ನೀವು ಸುಮ್ಮನಿರಿ ಎಂಬ ಅರ್ಥದ ವಾಕ್ಯ. ಅವರಿಗೆ ಕಾಣದೆಂದು ನಾನೇ ಓದಿ ಹೇಳಿದೆ. ಅವರು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಮನೆಗೆ ಬಂದು, "ಸುಮ್ನಿರು ಅಂದವ್ನೆ ದೇವ್ರು. ಹಾಸನ ಬ್ಯಾಡ" ಎಂದರು.

"ಅಮ್ಮ, ಇನ್ನೊಂದು ಎತ್ತು. ಇವ್ರ ಹತ್ರ ಮಿಕ್ಕಿದಾವೆ" ಎಂದಳು ಸುಶೀಲೆ.

ಊಟಕ್ಕೆ ಬಂದಿದ್ದ ಸ್ಯಾಮುಯೆಲ್ ತಟ್ಟೆ ಬಿಟ್ಟು ಎದ್ದ. "ಏನಕ್ಕಾ, ದೇವ್ರು ಕೊಟ್ಟಿದ್ದನ್ನ ವಾಪಸ್ ಮಾಡಕ್ಕೆ ಅದೇನು ಬಟ್ಟೆ ಅಂಗ್ಡೀನಾ?"

"ನಿನ್ನ ಬೈಕ್ ಪಂಚರ್ ಆದಾಗ ದೇವ್ರ ಚಿತ್ತ ಅಂತ ತಳ್ಕೊಂಡೇ ಬಂದ್ಯೇನೋ?"

"ಬೈಕು ಬೇರೆ, ಅಮ್ಮ ಬೇರೆ."

"ಅದನ್ನೇ ಕಣೋ ನಾನೂ ಹೇಳ್ತಿರೋದು!"

"ಭಾವ, ನೀವೇ ಹೇಳಿ" ಎಂದ ಅವನು. "ಹೇಳ್ರೀ" ಎಂದಳು ಇವಳು. ನಾನು ಹಾಲು ನೋಡಲು ಹೋದೆ.

ಇಬ್ಬರ ಮಾತನ್ನೂ ತೆಗೆದುಹಾಕುವಂತಿಲ್ಲ ಎಂಬುದೇ ನನ್ನ ಕಷ್ಟ. ಸ್ಯಾಮುಯೆಲ್ ಒಂದು ಕಾಲದಲ್ಲಿ ಬಹಳ ಕುಡಿಯುತ್ತಿದ್ದ. ಬಿಡುತ್ತೇನೆಂದು ತನ್ನ ಸ್ವಂತ ಇಚ್ಛೆಯಿಂದ ಎಷ್ಟೋ ಸಲ ಆಣೆಯಿಟ್ಟ; ಆಣೆ ಸಂಜೆಯವರೆಗೂ ಬಾಳಲಿಲ್ಲ. ಕೂಟದವರು ಸುತ್ತ ಕೂತು ಪ್ರಾರ್ಥಿಸಿದ ಮೇಲೆ ಬಿಟ್ಟುಹೋಯಿತು. ಮನುಷ್ಯನ ಇಚ್ಛೆ ಎಂದರೆ ಅವನಿಗೆ ನಗು ಬರುವುದು ಸಹಜ. ಸುಶೀಲೆಯಾದರೋ ತನ್ನ ತಂದೆಯ ಜ್ವರದಲ್ಲಿ ಮನೆಯವರು ದೇವರ ಚಿತ್ತವಾಗಲಿ ಎಂದು ಕಾದು, ತಡಮಾಡಿ ಆಸ್ಪತ್ರೆಗೆ ಒಯ್ದು, ಅವರು ಉಳಿಯದೆ ಹೋದದ್ದನ್ನು ಕಂಡವಳು. ಅವಳಿಗೆ ನಗು ಬರುವುದಿಲ್ಲ.

ಪಕ್ಕದ ಮನೆಯ ತೆಂಗಿನಕಾಯಿ ವ್ಯಾಪಾರಿ ಶಿವಣ್ಣನವರಲ್ಲಿ ಇದನ್ನು ಹೇಳಿಕೊಂಡೆ. ಅವರು ನಕ್ಕರು. "ನಮ್ಮಲ್ಲೂ ಐತೆ ಕಣ್ರೀ, ದೇವ್ರ ಹತ್ರ ಹೂ ಕೇಳೋದು. ಬಲಕ್ಕೆ ಬಿದ್ರೆ ಅಪ್ಪಣೆ ಆಯ್ತು ಅಂತೀವಿ."

"ಎಡಕ್ಕೆ ಬಿದ್ದರೆ?"

"ಗಾಳಿ ಬಂತು ಅಂತೀವಿ. ಇನ್ನೊಂದ್ಸಲ ಕೇಳ್ತೀವಿ."

ಹೀಗಿರುವಾಗ ಹಳೇಬೀಡಿನಲ್ಲಿ ನೆಂಟರ ಮನೆಯ ಪ್ರಾರ್ಥನೆಗೆ ನಾನು, ಅತ್ತೆ ಹೋದೆವು. ಹಿಂತಿರುಗುವಾಗ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಲು ಪ್ರಯತ್ನಿಸುತ್ತೇನೆ. ಬಸ್ ನಿಲ್ದಾಣದಲ್ಲಿ ಜಾವಗಲ್ ಬಸ್ಸು ಹಿಂದಕ್ಕೆ ಬರುತ್ತಿತ್ತು. ಅತ್ತೆ ನನ್ನ ಎಡಕ್ಕಿದ್ದರು. ನನ್ನ ಕೈಯಲ್ಲಿ ನೆಂಟರು ಕೊಟ್ಟ ಉಪ್ಪಿನಕಾಯಿ ಜಾಡಿಯಿತ್ತು. ಅತ್ತೆ ಬಸ್ಸಿನ ಕಡೆಗೇ ನಡೆದರು. ಆಮೇಲೆ ನನಗೆ ಗೊತ್ತಾದದ್ದು, ಜಾಡಿ ನೆಲದ ಮೇಲೆ ಒಡೆದು ಬಿದ್ದಿದೆ, ಅತ್ತೆಯ ತೋಳು ನನ್ನ ಕೈಯಲ್ಲಿದೆ, ಬಸ್ಸು ನಮ್ಮ ಮುಂದೆ ಹಾದುಹೋಗಿದೆ ಎಂಬುದು. ನಡುವೆ ಏನಾಯಿತೆಂದು ಯಾರು ಕೇಳಿದರೂ ಹೇಳಲಾರೆ.

"ಯಾಕಂಗೆ ಎಳೀತೀರಾ ಅಳಿಯಂದ್ರೇ, ತೋಳು ಕಿತ್ತೋಗ್ತದೆ" ಎಂದರು ಅತ್ತೆ.

"ಬಸ್ಸು ಅತ್ತೆ."

"ಗೋಡೆ ಅಂದ್ಕೊಂಡೆ, ಒರಗ್ಕೊಳಾಣ ಅಂತ."

ಅವರು ಗಟ್ಟಿಯಾಗಿಯೇ ನಿಂತಿದ್ದರು. ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ನೀರು ಕುಡಿದವನು ನಾನು.

ಸುದ್ದಿ ತಿಳಿದು ಸ್ಯಾಮುಯೆಲ್ ಬಾಣಾವರದಿಂದ ಓಡಿಬಂದ. ತಾಯಿಯ ಕೈ ಹಿಡಿದು ಪಕ್ಕದಲ್ಲೇ ಕುಳಿತ. ಅತ್ತೆ ನನ್ನನ್ನು ಕೇಳಿದರು: "ಎಳ್ದಾಗ ಯೋಚ್ನೆ ಮಾಡಿ ಎಳುದ್ರಾ?"

"ಇಲ್ಲ ಅತ್ತೆ. ಯೋಚಿಸಿದ್ದರೆ ಜಾಡಿ ಕೆಳಗಿಡಲು ಜಾಗ ಹುಡುಕುತ್ತಿದ್ದೆ."

"ನೋಡ್ದ್ಯೇನಕ್ಕಾ? ಭಾವನ ಕೈಲಿ ದೇವ್ರೇ ಎಳ್ಸವ್ನೆ" ಎಂದ ಸ್ಯಾಮುಯೆಲ್.

"ಎಳುಸ್ಲಿ ಬಿಡು. ಹಂಗೇ ಡಾಕ್ಟ್ರ ಕೈಲಿ ಪೊರೇನೂ ತೆಗುಸ್ಲಿ" ಎಂದಳು ಸುಶೀಲೆ.

ಅತ್ತೆ ಕೇಳಿದರು: "ಆಪರೇಷನ್ನಾಗೆ ನಾನೇನ್ ಮಾಡ್ಬೇಕಂತೆ?"

"ಏನೂ ಇಲ್ಲಮ್ಮ. ಅಲ್ಲಾಡ್ದಂಗೆ ಸುಮ್ನೆ ಮಲಗಿರ್ಬೇಕು, ಅಷ್ಟೇ" ಎಂದಳು ಸುಶೀಲೆ.

ಅತ್ತೆ ದಿಂಬಿನಡಿಯಿಂದ ಕಾರ್ಡು ತೆಗೆದು ನಮ್ಮ ಮೂವರ ಕಡೆಗೂ ಅಲ್ಲಾಡಿಸಿದರು. "ಮತ್ತೆ ಅದ್ನೇ ಅಲ್ವೇ ದೇವ್ರು ಹೇಳಿದ್ದು? ಇಷ್ಟು ದಿನ ಕಿತ್ತಾಡುದ್ರಲ್ಲ, ಒಬ್ರಾದ್ರೂ ಇದ್ನ ಹೇಳುದ್ರಾ?"

ಹಾಸನಕ್ಕೆ ಕಾರು ಮಾಡಿ ನಮ್ಮನ್ನು ಕರೆದೊಯ್ದವನು ಸ್ಯಾಮುಯೆಲ್ಲೇ. ಆಪರೇಷನ್ ಕೋಣೆಯ ಬಾಗಿಲ ಹೊರಗೆ ಅವನು ಕಣ್ಣು ಮುಚ್ಚಿ ಪ್ರಾರ್ಥಿಸಿದ. ಸುಶೀಲೆ ಕಣ್ಣು ತೆರೆದೇ ಪ್ರಾರ್ಥಿಸಿದಳು, ನರ್ಸು ಕರೆದರೆ ಕಾಣಬೇಕೆಂದು.

ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಮೊದಲು ನೋಡಿದ್ದು ನಮ್ಮ ಸೂರಿನ ಜೇಡರ ಬಲೆಯನ್ನು. ಸುಶೀಲೆ ಪೊರಕೆ ತರಲು ಓಡಿದಳು. ಆಮೇಲೆ ನೋಡಿದ್ದು, ಕೋಡುಬಳೆ ತಿನ್ನುತ್ತಿದ್ದ ನನ್ನನ್ನು. "ಯಾಕೆ ಅಳಿಯಂದ್ರೇ, ಒಂದೇ ಕಡೆ ಅಗೀತೀರಾ? ಬಾಯಿ ತೆಗೀರಿ, ನೋಡಾಣ."

"ನಾಳೇನೇ ಹಲ್ಲಿನ ಡಾಕ್ಟ್ರ ಹತ್ರ ಹೊರಡಿ" ಎಂದಳು ಪೊರಕೆ ಹಿಡಿದವಳು.

"ಎಲ್ಲದಕ್ಕೂ ದೇವರ ಚಿತ್ತ ಅಂತ ಒಂದಿದೆಯಲ್ಲ" ಎನ್ನುತ್ತ ಸ್ಯಾಮುಯೆಲ್ ಕಡೆ ನೋಡಿದೆ. ಕೈಬಿಡಲಾರನೆಂದು ನಂಬಿದ್ದೆ.

"ದೇವ್ರು ಡಾಕ್ಟ್ರುಗಳ್ನೂ ಇಟ್ಟವ್ನೆ ಭಾವ" ಎಂದುಬಿಟ್ಟ ಅವನು.

ಆಗ ನೆನಪಾಯಿತು, ಈ ವರ್ಷದ ನನ್ನ ವಾಗ್ದಾನವನ್ನು ನಾನಿನ್ನೂ ಎತ್ತಿಕೊಂಡಿರಲಿಲ್ಲ. ಕಪಾಟಿನ ಮೇಲಿನ ತಟ್ಟೆ ಇಳಿಸಿ, ಕಣ್ಣು ಮುಚ್ಚಿ, ಒಂದು ಕಾರ್ಡು ತೆಗೆದೆ. ಹೆದರಬೇಡ, ಧೈರ್ಯವಾಗಿ ಹೊರಡು ಎಂಬ ಅರ್ಥದ ವಾಕ್ಯ. ಯಾರೂ ನೋಡಲಿಲ್ಲವೆಂದು ಖಚಿತಮಾಡಿಕೊಂಡು, ಅದನ್ನು ಮತ್ತೆ ಮಿಕ್ಕವುಗಳ ನಡುವೆ ಬೋರಲು ಹಾಕಿ, ತಟ್ಟೆಯನ್ನು ಫ್ಯಾನಿನ ಕೆಳಗಿಟ್ಟು, "ಬಹಳ ಸೆಕೆ, ಸ್ವಲ್ಪ ಫ್ಯಾನು ಹಾಕು" ಎಂದು ಸುಶೀಲೆಗೆ ಹೇಳಿದೆ.