ಮೀನಿನ ತೊಟ್ಟಿಗೆ ಬಂದ ಕರೆಂಟು

ತನ್ನ ಕಸುಬಿನ ವಿಷಯದಲ್ಲಿ ಹೆಂಡತಿಯ ಮಾತು ನಂಬುವ ಗಂಡಸನ್ನು ನಾನಿನ್ನೂ ಕಂಡಿಲ್ಲ. ರವಿಕೆ ಬಿಗಿ ಎಂದ ಹೆಂಡತಿಗೆ ದರ್ಜಿ, ನೀನೇ ದಪ್ಪಗಾಗಿದ್ದೀಯ ಅನ್ನುತ್ತಾನೆ. ಸಾರಿಗೆ ಉಪ್ಪು ಹೆಚ್ಚಾಯಿತು ಅಂದರೆ ಅಡುಗೆ ಭಟ್ಟ ಅವಳ ನಾಲಿಗೆಯನ್ನೇ ಅನುಮಾನಿಸುತ್ತಾನೆ. ನಾನು ಎಲೆಕ್ಟ್ರಿಷಿಯನ್. ಒಂದು ಬೆಳಗ್ಗೆ ನನ್ನ ಹೆಂಡತಿ ಶಾರದ ಮೀನಿನ ತೊಟ್ಟಿಯಿಂದ ಥಟ್ಟನೆ ಕೈ ತೆಗೆದು, "ರೀ, ನೀರಾಗೆ ಕೈ ಇಟ್ರೆ ಜುಮ್ಮಂತೈತೆ" ಎಂದಳು. ನಾನು ಪೇಪರಿನಿಂದ ತಲೆ ಎತ್ತದೆ, "ವಿಟಮಿನ್ ಬಿ-ಹನ್ನೆರಡು ಕಮ್ಮಿ ಆಗೈತೆ ನಿಂಗೆ, ಡಾಕ್ಟ್ರತ್ರ ತೋರಿಸ್ಕೊ" ಎಂದೆ.

ನಾನು ಹಾಗೆ ಹೇಳಿದ್ದಕ್ಕೆ ಆಧಾರವಿತ್ತು. ಚಿನ್ನದ ಗಣಿ ಮುಚ್ಚುವ ತನಕ ನಾನು ನಂದಿದುರ್ಗ ಎಂಬ ಮೈನಿನಲ್ಲಿ ನೆಲದಡಿಯ ಪಂಪು, ಕೇಬಲ್ಲುಗಳನ್ನು ನೋಡಿಕೊಂಡವನು. ಸುತ್ತ ನೀರು ತೊಟ್ಟಿಕ್ಕುತ್ತಿದ್ದ ಕತ್ತಲಲ್ಲಿ ಕರೆಂಟಿನ ಜೊತೆ ಸಂಸಾರ ಮಾಡಿ ಒಂದು ಗಾಯವೂ ಇಲ್ಲದೆ ಮೇಲೆ ಬಂದವನು. ಒಂದು ವರ್ಷ ಸುರಕ್ಷತಾ ಸಪ್ತಾಹದಲ್ಲಿ 'ಅರ್ತಿಂಗ್ ಏಕೆ ಬೇಕು?' ಎಂಬ ವಿಷಯದ ಮೇಲೆ ಭಾಷಣ ಮಾಡಿ ಮೊದಲ ಬಹುಮಾನ ಹೊಡೆದೆ. ತಪ್ಪಿಸಿಕೊಂಡ ಕರೆಂಟು ಮನುಷ್ಯನ ಮೈಯೊಳಗಿಂದ ಹೋಗದೆ ತಂತಿಯ ದಾರಿಯಲ್ಲಿ ನೆಲಕ್ಕಿಳಿಯಬೇಕು ಎಂದು ಕನ್ನಡದಲ್ಲಿ ಶುರು ಮಾಡಿ, ಮುಂದಿನ ಸಾಲಿನವರ ಮುಖ ನೋಡಿ ತಮಿಳಿಗೆ ಹಾರಿ, ತೆಲುಗಿನಲ್ಲಿ ಮುಗಿಸಿದ್ದೆ. ಬಹುಮಾನವಾಗಿ ಕೊಟ್ಟ ದಪ್ಪ ಹಳದಿ ಟವೆಲು ಇವತ್ತಿಗೂ ಗಟ್ಟಿಯಾಗಿದೆ. ದಿನಾ ಸ್ನಾನಕ್ಕೆ ಅದೇ, ದಿನಾ ಹಿತ್ತಲಲ್ಲಿ ಒಣಗುವುದೂ ಅದೇ. ಮನೆಗೆ ಬಂದವರಿಗೆಲ್ಲ ಅದರ ಕಥೆ ಹೇಳಿದ್ದೇನೆ. ಎರಡನೇ ಸಲ ಬಂದವರಿಗೆ ಎರಡನೇ ಸಲ ಹೇಳಿದ್ದೇನೆ.

ಇನ್ನು ಈ ತೊಟ್ಟಿ. ಶಾರದ ಅಂಗನವಾಡಿ ಟೀಚರಾಗಿದ್ದವಳು. ಗೋಡೆಗೆ ಅಂಟಿಸಿದ್ದ ಸಮುದ್ರದ ಚಿತ್ರ ತೋರಿಸಿ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದಳು. ಸಮುದ್ರವನ್ನು ಅವಳೂ ಒಂದೇ ಒಂದು ಸಲ ನೋಡಿದ್ದು. ನಿವೃತ್ತಿಯ ದಿನ ಏನು ಬೇಕು ಅಂದರೆ, ಆ ಚಿತ್ರದಲ್ಲಿದ್ದ ಕಿತ್ತಳೆ ಮೈಯ ಬಿಳಿ ಪಟ್ಟಿ ಮೀನು ಬೇಕು ಅಂದಳು. ಅವು ಉಪ್ಪುನೀರಿನಲ್ಲೇ ಬದುಕುವಂಥವು. ಚಿನ್ನ ಅಗೆದ ಊರಿನಲ್ಲಿ ಸಮುದ್ರ ಮಾಡುವುದು ಯಾವ ಮಹಾ ಎಂದು ನಾನು ರಾಬರ್ಟ್‌ಸನ್‌ಪೇಟೆಯಿಂದ ಗಾಜಿನ ತೊಟ್ಟಿ, ಪಂಪು, ದೀಪ, ಚಳಿಗಾಲಕ್ಕೆಂದು ನೀರು ಬೆಚ್ಚಗಿಡುವ ಹೀಟರು ಎಲ್ಲ ಹೊತ್ತು ತಂದೆ. ಸಮುದ್ರದ ಉಪ್ಪು ಅಂತಲೇ ಬೇರೆ ಪೊಟ್ಟಣ ಬರುತ್ತದೆ. ಅದನ್ನು ಕದಡಿ, ಅಳೆದು, ವಾರಗಟ್ಟಲೆ ಕಾದು ಎರಡು ಮೀನು ಬಿಟ್ಟೆವು. ಶಾರದ ಅವಕ್ಕೆ ಚಿನ್ನ, ರನ್ನ ಎಂದು ಹೆಸರಿಟ್ಟಳು. ಅವಳು ಗಾಜಿನ ಹತ್ತಿರ ಹೋದರೆ ಎರಡೂ ಓಡಿ ಬರುತ್ತಿದ್ದವು. ನಾನು ಹೋದರೆ ಬರುತ್ತಿರಲಿಲ್ಲ. ಅದೂ ನನಗೆ ಅಭ್ಯಾಸವಾಗಿತ್ತು.

ಜುಮ್ಮೆನ್ನುವ ದೂರು ನಾಲ್ಕನೇ ಸಲ ಬಂದಾಗ ನಾನು ಎದ್ದೆ. ಅಂಗಿಯ ತೋಳು ಮಡಚಿ ತೊಟ್ಟಿಗೆ ಮೊಣಕೈವರೆಗೆ ಕೈಯಿಟ್ಟೆ. ಏನೂ ಇಲ್ಲ. ವೋಲ್ಟೇಜ್ ಅಳೆಯುವ ಮೀಟರು ತಂದು ಒಂದು ಕಡ್ಡಿಯನ್ನು ನೀರಿಗೆ, ಇನ್ನೊಂದನ್ನು ಪಕ್ಕದ ಸ್ವಿಚ್‌ಬೋರ್ಡಿನ ಮೂರು ತೂತುಗಳಲ್ಲಿ ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ತಿನ ತೂತಿಗೆ, ತೂರಿಸಿದೆ. ಮುಳ್ಳು ಅಲ್ಲಾಡಲಿಲ್ಲ. "ಸೊನ್ನೆ! ಈ ಮನೆ ವೈರಿಂಗ್ ಮಾಡಿರೋದು ಯಾರು? ನಾನು!" ಎಂದು ಮೀಟರನ್ನು ಅವಳ ಮುಖಕ್ಕೆ ಹಿಡಿದೆ. ಅವಳು ಮೀಟರು ನೋಡಲಿಲ್ಲ, ಮೀನು ನೋಡುತ್ತಿದ್ದಳು. ಚಿನ್ನನೂ ರನ್ನನೂ ಮೂಲೆಯ ಕಲ್ಲಿನ ಹಿಂದೆ ಅವಿತಿದ್ದವು. ಮೂರು ದಿನದಿಂದ ಊಟ ಬಿಟ್ಟಿದ್ದವು.

"ನಂಗೆ ಬಿ-ಹನ್ನೆರಡು ಕಮ್ಮಿ ಅಂದ್ರಿ, ಆಯ್ತು. ಇವಕ್ಕೆ ಏನ್ ಕಮ್ಮಿ ಏಳಿ?" ಎಂದಳು. ನಾನು ಜೋರಾಗಿ ಕೆಮ್ಮಿದೆ. "ಭಾನುವಾರದ ತಂಕ ನೋಡ್ತೀನಿ. ಸರಿಯಾಗ್ಲಿಲ್ಲ ಅಂದ್ರೆ ಬಂಗಾರಪೇಟೆ ಮೀನಂಗಡಿಯೋನಿಗೆ ಕೊಟ್ಬಿಡ್ತೀನಿ. ಅಲ್ಲಾದ್ರೂ ಬದುಕ್ಕೊಳ್ಳಿ." ಶಾರದ ಇಷ್ಟು ಹೇಳಿ ಗಾಜಿನ ಮೇಲೆ ಅಂಗೈ ಇಟ್ಟಳು. ನನಗೂ ಚಿಂತೆ ಹತ್ತಿತು. ಅರ್ಧ ಅವಳಿಗಾಗಿ. ಇನ್ನರ್ಧ, ಎಲೆಕ್ಟ್ರಿಷಿಯನ್ ಮನೆಯ ತೊಟ್ಟಿ ಕರೆಂಟು ಹೊಡೆಯುತ್ತದೆ ಅಂತ ಮಾರಾಟಕ್ಕೆ ಹೋಯಿತು ಎಂಬ ಸುದ್ದಿ ಗಣಿ ಕೆಲಸಗಾರರ ಸಾಲು ಲೈನ್ ಮನೆಗಳ ಈ ತುದಿಯಿಂದ ಆ ತುದಿಗೆ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ.

ಶನಿವಾರ ಶಾರದಳ ತಂಗಿ ರತ್ನಮ್ಮ ಬೂದಿಕೋಟೆಯಿಂದ ಬಂದಳು. ಮನೆಯಲ್ಲಿ ಮೂರು ಸೀಮೆಹಸು ಕಟ್ಟಿದ್ದಾಳೆ. ಎರಡು ಬಸ್ಸು ಬದಲಾಯಿಸಿ ಬಂದರೂ ಗಿಣ್ಣಿನ ಹಾಲು ತುಳುಕದ ಹಾಗೆ ತರುವವಳು. ಅಕ್ಕನ ದೂರು ಕೇಳಿದಳು, ನನ್ನ ಮೀಟರಿನ ಸಾಕ್ಷಿ ಕೇಳಿದಳು, ಆಮೇಲೆ ನನ್ನ ಮುಖ ಬಿಟ್ಟು ಕಾಲು ನೋಡಿದಳು.

"ಬಾವ, ನೀವು ನೀರಾಗೆ ಕೈ ಇಟ್ಟಾಗ ಚಪ್ಪಲಿ ಬಿಟ್ಟಿದ್ರಾ?"

"ನಾನು ಮನೆಯಾಗೆ ರಬ್ಬರ್ ಚಪ್ಪಲಿ ಬಿಟ್ಟೋನೇ ಅಲ್ಲ. ಮೈನ್ ಕಾಲದ ಅಭ್ಯಾಸ" ಎಂದೆ ಹೆಮ್ಮೆಯಿಂದ.

"ಅದ್ಕೇ. ಅಕ್ಕ ಬರಿಗಾಲಾಗೆ ನಿಂತ್ಕೊಂತಾಳೆ, ಅವಳಿಗೆ ಕರೆಂಟು ಒಡೀತೈತೆ. ನಮ್ ಹಸಾನೂ ಇಂಗೇ ಆಡ್ತು. ನೀರಿನ ತೊಟ್ಟಿಗೆ ಮೂತಿ ಇಕ್ಕದು, ಎಗರಿ ಇಂದಕ್ಕೆ ಬರದು. ದೃಷ್ಟಿ ಆಗೈತೆ ಅಂತ ಮೆಣಸಿನಕಾಯಿ ನೀವಾಳಿಸಿದ್ವಿ. ಕೊನೇಗೆ ನೋಡುದ್ರೆ ಪಕ್ಕದ ಮೇವು ಕತ್ತರಿಸೋ ಮಿಷಿನ್ನಿಂದ ತೊಟ್ಟಿಗೆ ಕರೆಂಟು ಬತ್ತಿತ್ತು. ಮೋಟ್ರು ರಿಪೇರಿಯೋನು ಮಣ್ಣಾಗೆ ಕಬ್ಬಿಣದ ಗೂಟ ನೆಟ್ಟು, ಅದಕ್ಕೂ ನೀರಿಗೂ ಮೀಟರ್ ಇಕ್ಕಿ ತೋರಿಸ್ದ. ಹಸೂಗೆ ಚಪ್ಪಲಿ ಇರ್ಲಿಲ್ಲ ನೋಡಿ ಬಾವ, ಪಾಪ, ಅದಕ್ಕೆ ಗೊತ್ತಾಗೋಯ್ತು."

ನನಗೆ ತಿಳಿಯದ್ದು ಹಸುವಿಗೆ ತಿಳಿದಿತ್ತು ಎನ್ನುವುದನ್ನು ಇಷ್ಟು ಮರ್ಯಾದೆಯಾಗಿ ಇನ್ಯಾರೂ ಹೇಳಲಾರರು. "ನಾನೂ ಅದೇ ಹೇಳ್ಬೇಕು ಅಂತಿದ್ದೆ" ಎಂದು ಉದ್ದನೆಯ ವೈರು ಹುಡುಕಿದೆ. ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ನಾನೇ ಇದ್ದಿಲು, ಉಪ್ಪು ತುಂಬಿ ಹೂತ ಅರ್ತಿನ ಕಬ್ಬಿಣದ ಪೈಪಿದೆ. ವೈರಿನ ಒಂದು ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಂದನ್ನು ಮೀಟರಿಗೆ ಸೇರಿಸಿ, ಮೀಟರಿನ ಇನ್ನೊಂದು ಕಡ್ಡಿಯನ್ನು ತೊಟ್ಟಿಯ ನೀರಿಗಿಟ್ಟೆ. ಮುಳ್ಳು ಎದ್ದು ಎಪ್ಪತ್ತು ವೋಲ್ಟಿನ ಆಚೆ ಹೋಗಿ ನಿಂತಿತು.

ಆಗ ನನಗೆ ನಿಜವಾಗಿ ಭಯವಾಯಿತು. ದಿನಾ ಬೆಳಗ್ಗೆ ನೆಲ ಒರೆಸಿ, ಆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅವಳು ಇದರೊಳಗೆ ಕೈಯಿಡುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ. ಭಯದಲ್ಲೂ ಕೈಗೆ ಕೆಲಸ ಗೊತ್ತಿತ್ತು. ರತ್ನಮ್ಮ ಮುಳ್ಳು ನೋಡುತ್ತ ನಿಂತಳು, ನಾನು ಒಂದೊಂದೇ ಪ್ಲಗ್ಗು ಕಿತ್ತೆ. ದೀಪದ್ದು ಕಿತ್ತೆ: "ಅಂಗೇ ಐತೆ." ಪಂಪಿನದು ಕಿತ್ತೆ: "ಅಂಗೇ ಐತೆ." ಹೀಟರಿನದು ಕಿತ್ತೆ: "ಮಲ್ಕಂತು!" ಹೀಟರನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದರೆ ಅದರ ಗಾಜಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ತಪ್ಪು ಹೀಟರಿನದು, ನನ್ನ ವೈರಿಂಗಿನದಲ್ಲ! ನನ್ನ ಎದೆ ಮತ್ತೆ ಉಬ್ಬಿತು. ತಪ್ಪಿಸಿಕೊಂಡ ಕರೆಂಟು ಹೇಗೆ ದಾರಿ ಹುಡುಕುತ್ತದೆ ಎಂದು ಅಕ್ಕತಂಗಿಯರಿಗೆ ಬಹುಮಾನದ ಭಾಷಣದ ಮೊದಲ ಭಾಗ ಹೇಳಿಯೂ ಬಿಟ್ಟೆ.

ಶಾರದ ಪೂರ್ತಿ ಕೇಳಿಸಿಕೊಂಡಳು. ಮಕ್ಕಳಿಗೆ ಪಾಠ ಹೇಳಿದವಳಿಗೆ ಎಲ್ಲಿ ಪ್ರಶ್ನೆ ಕೇಳಬೇಕೆಂದು ಗೊತ್ತಿರುತ್ತದೆ. "ಅಲ್ರೀ, ಪೈಪಿಗೆ ಕಟ್ಟಿದ್ರೆ ಎಪ್ಪತ್ತು ತೋರಿಸ್ತು. ಬೋರ್ಡಿನ ತೂತಿಗೆ ಇಕ್ಕಿದ್ರೆ ಸೊನ್ನೆ ಯಾಕೆ ತೋರಿಸ್ತು? ಎರಡೂ ಒಂದೇ ಅಲ್ವಾ?"

ಒಂದೇ ಆಗಿರಬೇಕು. ಬೋರ್ಡಿನ ಆ ತೂತಿನಿಂದ ಹೊರಟು ಗೋಡೆ ದಾಟಿ ಹಿತ್ತಲ ಪೈಪಿಗೆ ಹೋಗುವ ದಪ್ಪ ತಂತಿಯನ್ನು ನಾನೇ ಎಳೆದಿದ್ದೆ. ತೋರಿಸುತ್ತೇನೆ ಬನ್ನಿ ಎಂದು ಇಬ್ಬರನ್ನೂ ಕರೆದುಕೊಂಡು ಹಿತ್ತಲಿಗೆ ನಡೆದೆ. ಗೋಡೆಯ ಹೊರಗೆ ಒಂದು ಗೇಣು ತಂತಿ ಜೋತುಬಿದ್ದಿತ್ತು. ಮುಂದೆ ಇರಲಿಲ್ಲ. ಪೈಪಿನ ಬಳಿ ಬೋಲ್ಟು ಮಾತ್ರ ಇತ್ತು. ಬೋರ್ಡಿನ ತೂತು ನೆಲವನ್ನೇ ಮುಟ್ಟದಿದ್ದರೆ ಮೀಟರು ಸೊನ್ನೆಯಲ್ಲದೆ ಇನ್ನೇನು ತೋರಿಸೀತು? ಯಾವನೋ ಕಳ್ಳ ಕತ್ತರಿಸಿಕೊಂಡು ಹೋಗಿದ್ದಾನೆ, ಇಂಥವರನ್ನು ಹಿಡಿದು ಹಾಕಬೇಕು ಎಂದು ಕೂಗಾಡತೊಡಗಿದೆ. ರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಮೇಲಕ್ಕೆ ನೋಡುತ್ತಿದ್ದಳು.

ಬಚ್ಚಲ ಗೋಡೆ ಏರಿಸುವಾಗ ಅಡ್ಡ ಬರುತ್ತದೆಂದು ಆ ತಂತಿ ಕತ್ತರಿಸಿದ್ದು ನಾನು. ನಾಳೆ ಹಾಕಿದರಾಯಿತು ಅಂದದ್ದೂ ನಾನು. ಅದೇ ವಾರ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಕಿತ್ತುಹೋದಾಗ, ಕಣ್ಣಿಗೆ ಬಿದ್ದ ಆ ಗಟ್ಟಿ ತಂತಿಯನ್ನೇ ಗೋಡೆಯಿಂದ ನುಗ್ಗೆ ಮರಕ್ಕೆ ಬಿಗಿದು, "ನೋಡು, ಎಂಟು ಸೀರೆ ಹಾಕಿದರೂ ಜಗ್ಗಲ್ಲ" ಅಂದದ್ದೂ ನಾನೇ. ನಾಲ್ಕು ವರ್ಷದಿಂದ ಅದು ಜಗ್ಗಿಲ್ಲ.

"ತಂತಿ ಬಿಚ್ಚೋಕೆ ಮುಂಚೆ ಅದ್ರ ಮೇಲಿರೋದು ತಕ್ಕೊಳ್ಳಿ" ಎಂದಳು ಶಾರದ. ತಂತಿಯ ಮೇಲೆ ಒಂದೇ ಬಟ್ಟೆಯಿತ್ತು. ಅರ್ತಿಂಗ್ ಏಕೆ ಬೇಕೆಂದು ಮೂರು ಭಾಷೆಯಲ್ಲಿ ಹೇಳಿದ್ದಕ್ಕೆ ಕೊಟ್ಟ ಹಳದಿ ಟವೆಲು, ಚೆನ್ನಾಗಿ ಒಣಗಿತ್ತು. ತಂತಿ ಮತ್ತೆ ಪೈಪು ಸೇರುವ ತನಕ ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಕೆಲಸ ಮಾಡಿದೆ. ಸಂಜೆ ಶಾರದ ಗಾಜಿನ ಹತ್ತಿರ ಹೋದಾಗ ಚಿನ್ನ, ರನ್ನ ಎರಡೂ ಕಲ್ಲಿನ ಹಿಂದಿನಿಂದ ಓಡಿ ಬಂದವು. ಆಮೇಲೆ ನಾನು ಹೋದೆ. ಅವು ಬರಲಿಲ್ಲ.